ವಯಸ್ಸಿನ ಕಾಲಂ

ಸಹಮ್‌ನಿಂದ ಒಳಗೆ, ಡಾಂಬರು ಮುಗಿದ ಮೇಲೂ ಹನ್ನೊಂದು ಕಿಲೋಮೀಟರು.
ಗಾಡಿ ಇಲಾಖೆಯದು; ಇರುವುದೊಂದೇ.
ತೋಟಗಳ ಪಟ್ಟಿ ರಯ್ಯಾ ಮೇಡಂ ಮಡಿಲಲ್ಲಿ,
ಮಡಚಿ ಮಡಚಿ ಹರಿದ ಕಡೆಯೆಲ್ಲ ಟೇಪು.
"ಈ ಲೆಕ್ಕದಲ್ಲಿ ಒಂದು ತೋಟಕ್ಕೆ ಮತ್ತೆ ಬರಲು ಆರು ವರ್ಷ ಬೇಕು,
ಅಷ್ಟರಲ್ಲಿ ಮಕ್ಕಳು ಮೀಸೆ ಬಿಟ್ಟಿರುತ್ತಾರೆ, ಕೇಸೇ ಉಳಿಯುವುದಿಲ್ಲ"
ಎಂದು ನಕ್ಕರು. ನಾನು ನಗಲಿಲ್ಲ.
ರಸ್ತೆಗೆ ಒಂಟೆ ಅಡ್ಡ ಬಂದಿತ್ತು.

ಹೋದ ಸಲ ಫೋನು ಮಾಡಿ ಹೋಗಿದ್ದೆವು, ಅದು ನಿಯಮ.
ಗೇಟು ತೆರೆದಾಗ ಕಾವಾ ಬಿಸಿಯಾಗಿತ್ತು,
ತಟ್ಟೆ ತುಂಬ ಖರ್ಜೂರ, ಸಾಲಾಗಿ ನಿಂತ ಏಳು ಜನ ಗಂಡಸರು.
ಗೋಡೆಯ ಎಂಟನೇ ಮೊಳೆಗೆ ಒಂದು ಜೊತೆ ಸಣ್ಣ ಕೈಗವಸು,
ಇನ್ನೂ ಒದ್ದೆ.
"ತೊಳೆದು ತೊಳೆದು ಚಿಕ್ಕದಾಯ್ತು" ಎಂದ ಮೇಸ್ತ್ರಿ.
ಹಾಗೆಯೇ ಅರಬಿಗೆ ತಿರುಗಿಸಿದೆ.
ಮಾತು ದಾಟಿಸುವುದಷ್ಟೇ ನನ್ನ ಕೆಲಸ;
ಕಡವಿನವನು ದಾಟುವವರ ಗುಟ್ಟು ಕೇಳುತ್ತಾನೆಯೇ?

ಇವತ್ತು ಫೋನಿಲ್ಲ. ಬೆಳಗಿನ ಐದು.
ಸೌತೆಯ ಪ್ಲಾಸ್ಟಿಕ್ ಮನೆಯೊಳಗೆ ಬೆಳ್ಳಗೆ ಏನೋ ತೇಲುತ್ತಿತ್ತು,
ಮಂಜು ಅಂದುಕೊಂಡೆ. ಗಂಟಲು ಉರಿಯಿತು.
ಅದರೊಳಗಿಂದ ಒಂದು ಡ್ರಮ್ಮು ನಡೆದು ಬಂತು,
ಡ್ರಮ್ಮಿನ ಕೆಳಗೆ ಎರಡು ಕಾಲು.
ದೊಡ್ಡವರ ಗಮ್‌ಬೂಟು, ಜಾರದಿರಲೆಂದು
ಅದರ ಬಾಯಿಗೆ ತುರುಕಿದ ಹಳೇ ಬನಿಯನ್ನು.

ಹೆಸರು ತೊಫಜ್ಜಲ್. ವಯಸ್ಸು?
"ಏಕುಶ್." ಇಪ್ಪತ್ತೊಂದು.
ಎಷ್ಟು ಬೇಗ ಬಂತು ನೋಡಿ, ಮಗ್ಗಿ ಒಪ್ಪಿಸಿದ ಹಾಗೆ.
ಪಾಸ್‌ಪೋರ್ಟೂ ಅದನ್ನೇ ಹೇಳಿತು: ಹುಟ್ಟಿದ್ದು ಜನವರಿ ಒಂದು.
ನನ್ನದೂ ಜನವರಿ ಒಂದೇ.
ನಾವೆಲ್ಲ ಒಂದೇ ದಿನ ಹುಟ್ಟಿದವರು,
ಏಜೆಂಟನ ಮೇಜಿನ ಮೇಲೆ.

ಮೇಡಂ ಬರೆದುಕೊಳ್ಳಲಿಲ್ಲ.
ಹುಡುಗನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತರು, ಅಬಾಯದ ಅಂಚು ಕೆಸರಾಯಿತು.
"ಕೇಳು, ಇವನ ಊರಿಗೆ ದೊಡ್ಡ ನೆರೆ ಬಂದಾಗ
ಇವನು ಯಾವ ಕ್ಲಾಸು?"
ಹುಡುಗ ಆಗ ಮೊದಲ ಸಲ ಯೋಚಿಸಿದ.
"ಎರಡನೆಯದು. ಬೆಂಚು ತೇಲಿ ಹೋಯ್ತು.
ಅದರ ಮೇಲೆ ಮೇಷ್ಟರ ಕೋಳಿ ಕೂತಿತ್ತು."
ಕೋಳಿ ಎನ್ನುವಾಗ ಮುಂದಿನ ಎರಡು ಹಲ್ಲು ಪೂರ್ತಿ ಕಂಡವು.
ಮೇಡಂ ಬೆರಳು ಮಡಚಿದರು: ಏಳು. ಮತ್ತೆ ಏಳು.

ಫಾರಮಿನಲ್ಲಿ ವಯಸ್ಸಿನ ಕಾಲಂ ಒಂದಿಂಚು,
ಕೆಳಗೆ ಸಣ್ಣಕ್ಷರ: ದಾಖಲೆಯಲ್ಲಿ ಇರುವಂತೆ.
ಅವರು ಅಂಚಿನಲ್ಲಿ ಬರೆದರು, ನೆರೆ, ಬೆಂಚು, ಬೂಟಿನ ಅಳತೆ.
ಕೋಳಿಯನ್ನೂ.
"ಕೋಳಿ ಯಾಕೆ ಅಂತಾರೆ ಮೇಲಿನವರು" ಎಂದೆ.
"ಅನ್ನಲಿ. ಓದಿದ್ದಾರೆಂದು ಗೊತ್ತಾಗುತ್ತದೆ."

ಹುಡುಗ ನನ್ನ ತೋಳು ಹಿಡಿದ, ದನಿ ತಗ್ಗಿಸಿ:
"ಚಾಚಾ, ವಾಪಸು ಕಳಿಸಿದರೆ ಸಾಲ ಯಾರು ತೀರಿಸೋದು?
ಅಮ್ಮನ ಕಿವಿಯದ್ದೂ ಅಡವಿದೆ."
ಇದನ್ನು ದಾಟಿಸಲು ತಡವಾಯಿತು.
ದಾಟಿಸಿದೆ.
ಮೇಡಂ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.
ಅದಕ್ಕೆ ಕಾಲಂ ಇರಲಿಲ್ಲ, ಅಂಚೂ ಮುಗಿದಿತ್ತು.
ಹಾಳೆ ತಿರುಗಿಸಿದರು.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಹುಡುಗ,
ಬರಿಗಾಲು ಹೊಟ್ಟೆಗೆ ಮಡಚಿ ನಿದ್ದೆ.
ಫೋನು ಮಾಡದೆ ಹೋದದ್ದಕ್ಕೆ ಮೊದಲು ಸಮಜಾಯಿಷಿ ಬರೆಯಬೇಕು ಮೇಡಂ,
ಆಮೇಲೆ ಎರಡನೇ ಗಾಡಿಗೆ ಮೂರನೇ ಅರ್ಜಿ.

ಬರುವ ಜನವರಿ ಒಂದಕ್ಕೆ ನನ್ನ ಪಾಸ್‌ಪೋರ್ಟಿಗೆ ಅರವತ್ತು,
ನನಗೆ ಐವತ್ತೈದು.
ಅದು ನಿವೃತ್ತಿಯಾಗುತ್ತದೆ, ಅದರ ಹಿಂದೆ ನಾನೂ.
ಉಳ್ಳಾಲದ ಮಾವ ಕೂಡಿಸಿಕೊಟ್ಟ ಐದು ವರ್ಷ
ಯಾರಿಗೂ ಹೇಳಿದ್ದಿಲ್ಲ.

ಡಾಂಬರು ಸಿಕ್ಕಿತು. ಮೇಡಂ ಕೇಳಿದರು, ರಸ್ತೆ ನೋಡುತ್ತಲೇ:
"ನೀನು ಬಂದಾಗ ಯಾವ ಕ್ಲಾಸು, ಹಸನಬ್ಬ?"

ಗೇರು ಬದಲಿಸಿದೆ.
"ಹತ್ತನೆಯದು. ಲೆಕ್ಕದ ಪರೀಕ್ಷೆ ಮರುದಿನ ಇತ್ತು."